ದೇವರ ಮುಂದೆ ಆಕಳಿಕೆ

ಹೇಳಿಕೊಳ್ಳಲು ನಾಚಿಕೆಯಾಗಬೇಕು, ಯಾಕೋ ಆಗುತ್ತಿಲ್ಲ. ದೇವರ ಮುಂದೆ ನಿಂತರೆ ನನಗೆ ಆಕಳಿಕೆ ಬರುತ್ತದೆ. ಮಂಗಳಾರತಿಯ ಗಂಟೆ ಶುರುವಾಗಿ ಸುತ್ತಲಿನವರ ಕಣ್ಣು ಅರ್ಧ ಮುಚ್ಚುವಷ್ಟರಲ್ಲಿ ನನ್ನ ಬಾಯಿ ತಾನಾಗಿಯೇ ತೆರೆದುಕೊಳ್ಳುತ್ತದೆ. ಸೆರಗನ್ನು ಅಡ್ಡ ಹಿಡಿಯುತ್ತೇನೆ. ನೋಡಿದವರು ಮೇಡಂ ಅಳು ನುಂಗುತ್ತಿದ್ದಾರೆ ಎಂದುಕೊಂಡು ಗೌರವದಿಂದ ಪಕ್ಕಕ್ಕೆ ಸರಿಯುತ್ತಾರೆ. ಚಳ್ಳಕೆರೆಯಲ್ಲಿ ಭಕ್ತೆಯೆಂದು ನನಗೆ ಅಷ್ಟಿಷ್ಟು ಹೆಸರಿದ್ದರೆ ಅದು ಈ ಆಕಳಿಕೆಯಿಂದ ಬಂದದ್ದು.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ನಮ್ಮ ಬಡಾವಣೆಯಲ್ಲಿ ಶನಿವಾರ ಸಂಜೆ ಭಜನೆ ಇರುತ್ತದೆ. ಎಣ್ಣೆ ಮಿಲ್ಲುಗಳ ಕಡೆಯಿಂದ ಶೇಂಗಾ ಹಿಂಡಿಯ ವಾಸನೆ ಬರುವ ಹೊತ್ತಿಗೆ ಹೆಂಗಸರೆಲ್ಲ ತಾಳ ಹಿಡಿದು ಕೂರುತ್ತೇವೆ. ಎರಡು ಹಾಡು ಮುಗಿಯುವಷ್ಟರಲ್ಲಿ ಎಲ್ಲರ ಕರವಸ್ತ್ರವೂ ಹೊರಬಂದಿರುತ್ತದೆ. ನಾನೊಬ್ಬಳು ಒಣಗಣ್ಣಿನಲ್ಲಿ ಕೂತು, ಗ್ಯಾಸ್ ಆರಿಸಿ ಬಂದೆನೋ ಇಲ್ಲವೋ ಎಂದು ಯೋಚಿಸುತ್ತಿರುತ್ತೇನೆ. ಒಮ್ಮೆ ಹಟಕ್ಕೆ ಬಿದ್ದು ರೆಪ್ಪೆ ಬಡಿಯದೆ ದೀಪವನ್ನೇ ದಿಟ್ಟಿಸಿದೆ. ಅಂತೂ ಒಂದು ಹನಿ ಇಳಿಯಿತು. ಪಕ್ಕದಲ್ಲಿದ್ದಾಕೆ ಕಣ್ಣಿಗೆ ಧೂಳು ಬಿತ್ತೇನ್ರಿ ಎಂದು ಕೇಳಿ, ಸೆರಗಿನ ತುದಿ ಸುರುಳಿ ಮಾಡಿ ಉಫ್ ಎಂದು ಊದಿಬಿಟ್ಟಳು. ಅಂದಿನಿಂದ ಆ ಪ್ರಯತ್ನ ಬಿಟ್ಟಿದ್ದೇನೆ.

ಅಳುವವರನ್ನು ನಾನು ಹಂಗಿಸುತ್ತಿಲ್ಲ. ಅವರ ಕಣ್ಣೀರು ನಿಜವಾದದ್ದೇ. ನನ್ನ ಸ್ವಂತ ಅಕ್ಕ ತಿಪ್ಪಮ್ಮನನ್ನು ಕಂಡವಳು ನಾನು. ತವರಿನ ಕಣ್ಣೀರಿನ ಆಸ್ತಿಯೆಲ್ಲ ಅವಳ ಪಾಲಿಗೇ ಹೋಗಿತ್ತು. ಅವಳನ್ನು ಕೊಟ್ಟಿರುವುದು ಮೊಳಕಾಲ್ಮುರು ಕಡೆಯ ಸಿದ್ದಾಪುರಕ್ಕೆ, ದನ ಕುರಿ ಕಟ್ಟಿಕೊಂಡು ಬಾಳುವ ಮನೆಗೆ. ಸೋಮವಾರ ಬಂತೆಂದರೆ ಜಟಿಂಗ ರಾಮೇಶ್ವರನ ಬೆಟ್ಟ ಹತ್ತುವಳು. ಆರತಿ ಎತ್ತಿದ ಕೂಡಲೇ ಅವಳ ಮೈ ನಡುಗುತ್ತಿತ್ತು, ಕಣ್ಣಿಂದ ಧಾರೆ ಇಳಿಯುತ್ತಿತ್ತು. ಹೊಸದಾಗಿ ಮದುವೆಯಾದವರು ಅವಳ ಕಾಲು ಮುಟ್ಟಿ ಹೋಗುತ್ತಿದ್ದರು. ಅವಳ ಬೆನ್ನ ಹಿಂದೆ ನಾನು ಮೊಣಕಾಲು ನೀವಿಕೊಳ್ಳುತ್ತ ಆಕಳಿಸುತ್ತಿದ್ದೆ.

ಅಂಥ ಅಕ್ಕನಿಗೆ ಅಳು ನಿಂತುಹೋಯಿತು.

ಸುದ್ದಿ ತಿಳಿಸಿದ್ದು ಭಾವ. ಕಾರ್ತಿಕದ ಒಂದು ಸೋಮವಾರ ಆರತಿಗೆ ನಿಂತಿದ್ದಾಳೆ. ಮೈ ನಡುಗಲಿಲ್ಲ, ಕಣ್ಣು ಒದ್ದೆಯಾಗಲಿಲ್ಲ. ಮುಂದಿನ ವಾರವೂ ಅಷ್ಟೆ. ಆಮೇಲೆ ಬೆಟ್ಟಕ್ಕೆ ಹೋಗುವುದನ್ನೇ ಬಿಟ್ಟಳಂತೆ. ಮನೆಯ ದೇವರ ಗೂಡಿಗೆ ದೀಪ ಹಚ್ಚುವ ಕೆಲಸವೂ ಭಾವನ ಪಾಲಿಗೆ ಬಂದಿತ್ತು. ಕೂತಲ್ಲಿ ಕೂತಿರ್ತಾಳೆ, ಊಟ ಸೇರೋದಿಲ್ಲ, ನೀನೊಂದ್ಸಲ ಬಾರಮ್ಮ ಎಂದರು. ಭಾವ ನನ್ನನ್ನು ಸುಮ್ಮಸುಮ್ಮನೆ ಕರೆಯುವವರಲ್ಲ. ಶಾಲೆಗೆ ರಜೆ ಹಾಕಿ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಕೂತು, ಭಕ್ತಿಗೆ ಕಣ್ಣೀರು ಬೇಕಿಲ್ಲ ಎಂಬ ನನ್ನ ವಾದವನ್ನು ಸಿದ್ಧಮಾಡಿಕೊಂಡೆ. ವಾದಕ್ಕೆ ನನ್ನ ಸಾಕ್ಷಿ ಅಕ್ಕನ ಊರ ಸುತ್ತಲಿನ ಬಂಡೆಗಳು. ಅಲ್ಲಿ ಮೌರ್ಯರ ಕಾಲದ ಶಾಸನಗಳಿವೆ. ಜಟಿಂಗ ರಾಮೇಶ್ವರನ ಬೆಟ್ಟದ ಮೇಲೂ ಒಂದಿದೆ. ಅಷ್ಟು ದೂರದ ಚಕ್ರವರ್ತಿ ಈ ಬಂಡೆಗಾಡಿನ ಜನಕ್ಕೆ ಹೇಳಿಕಳಿಸಿದ್ದಾದರೂ ಏನು? ಅಪ್ಪ ಅಮ್ಮನ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆ ಇರಲಿ, ನಿಜ ಹೇಳಿ, ಗುರುವಿಗೆ ಮರ್ಯಾದೆ ಕೊಡಿ. ನಮ್ಮವ್ವ ದಿನಾ ಬೆಳಿಗ್ಗೆ ಹೇಳುತ್ತಿದ್ದದ್ದೂ ಇದನ್ನೇ, ಸ್ವಲ್ಪ ಜೋರು ದನಿಯಲ್ಲಿ. ಧರ್ಮಕ್ಕೆ ಮೈ ನಡುಗಬೇಕು, ಗಂಟಲು ಕಟ್ಟಬೇಕು ಎಂದು ಆ ಬಂಡೆಗಳಲ್ಲಿ ಎಲ್ಲೂ ಕೆತ್ತಿಲ್ಲ. ಕಲ್ಲು ಕೆತ್ತುವುದು ಸುಲಭದ ಕೆಲಸವಲ್ಲ, ಮುಖ್ಯವಾದದ್ದನ್ನು ಬಿಟ್ಟಿರಲಾರರು. ಈ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ.

ಅಕ್ಕನ ಮುಖ ಕಂಡ ಮೇಲೆ ಶಾಸನ ಗೀಸನ ಎಲ್ಲ ಮರೆತುಹೋಯಿತು. ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಇಳಿದುಹೋಗಿದ್ದಳು. ನಾನು ತಂದ ಹಣ್ಣಿನ ಚೀಲವನ್ನು ತೆರೆದೂ ನೋಡಲಿಲ್ಲ.

"ಅವನು ನನ್ನ ಬಿಟ್ಟು ಹೋಗ್ಯಾನೆ ಕಣೆ," ಎಂದಳು. "ಒಳಗೆಲ್ಲ ಖಾಲಿ ಐತೆ. ಏನು ತಪ್ಪು ಮಾಡ್ದೆ ಅಂತ ಹುಡುಕ್ತಾ ಕುಂತೀನಿ, ಸಿಗವಲ್ದು."

ನನಗೆ ಸಂಕಟವಾಯಿತು. ಹುಟ್ಟಿದಾಗಿನಿಂದ ಒಣಗಣ್ಣಿನವಳಾದ ನನಗೆ ಕಳೆದುಕೊಳ್ಳಲು ಏನೂ ಇರಲಿಲ್ಲ. ಇವಳಿಗೆ ದೇವರು ಬರುವ ದಾರಿ ಅದೊಂದೇ ಆಗಿತ್ತು, ಅದು ಮುಚ್ಚಿಹೋಗಿತ್ತು. ವಯಸ್ಸಾಯ್ತು ಅಕ್ಕ, ಮೈ ದಣಿದಿರುತ್ತೆ, ಮತ್ತೆ ಬರುತ್ತೆ ಬಿಡು ಎಂದೆಲ್ಲ ಹೇಳಿದೆ. ಪರೀಕ್ಷೆಯಲ್ಲಿ ಫೇಲಾದವರಿಗೆ ಹೇಳುವ ಮಾತು ನನಗೆ ಬಾಯಿಪಾಠ. ಅವಳು ಎದ್ದು, ವಾರದ ಹಿಂದಷ್ಟೇ ಕರು ಹಾಕಿದ್ದ ಹಸು ಗೌರಿಯ ಹಾಲು ಕರೆಯಲು ಕೊಟ್ಟಿಗೆಗೆ ಹೋದಳು. ನಾನು ಭಾವನ ಜೊತೆ ಮಾತಾಡುತ್ತ ಜಗಲಿಯಲ್ಲೇ ಉಳಿದೆ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದೆ. ಅಕ್ಕ ಇನ್ನೂ ಮಲಗಿದ್ದಳು. ಏಳುವ ಹೊತ್ತಿಗೆ ಕೈಗೆ ಬಿಸಿ ಚಹಾ ಕೊಡೋಣ, ತಂಗಿ ಬಂದದ್ದಕ್ಕೆ ಅಷ್ಟಾದರೂ ಆಗಲಿ ಎಂದುಕೊಂಡು ಒಲೆ ಹಚ್ಚಿದೆ. ಗೋಡೆಯ ಮಾಡದಲ್ಲಿ ಬಾಳೆಲೆ ಮುಚ್ಚಿದ ಸಣ್ಣ ಮಡಕೆಯಿತ್ತು. ಅದರಲ್ಲಿ ಕೆನೆಗಟ್ಟಿದ ಹಾಲು. ಅಷ್ಟನ್ನೂ ಪಾತ್ರೆಗೆ ಬಗ್ಗಿಸಿದೆ. ಶುಂಠಿ ಜಜ್ಜಿ ಹಾಕಿದೆ. ಚಹಾ ಎಂಥಾ ಘಮ ಬಂತೆಂದರೆ, ನನ್ನನ್ನು ನಾನೇ ಮೆಚ್ಚಿಕೊಂಡೆ.

ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದವಳು ಮೊದಲು ನೋಡಿದ್ದು ಒಲೆಯನ್ನಲ್ಲ, ಮಾಡವನ್ನು. ಖಾಲಿ ಮಡಕೆ ಕಂಡಿತು. ಆಮೇಲೆ ನಾನು ಕಂಡೆ, ಕೈಯಲ್ಲಿ ಲೋಟ.

"ಅಯ್ಯೋ ಮುಂಡೇದೆ, ಅದು ಅವನ ಹಾಲು ಕಣೆ!"

ಆಗ ನೆನಪಾಯಿತು. ಹಸು ಕರು ಹಾಕಿ ಗಿಣ್ಣು ಮುಗಿದ ಮೇಲೆ ಮೊದಲ ಕೆಲವು ದಿನದ ಹಾಲನ್ನು ಮನೆಯವರು ಮುಟ್ಟುವಂತಿಲ್ಲ. ಬೇರೆ ಮಡಕೆಯಲ್ಲಿ ಹೆಪ್ಪು ಹಾಕಿ, ಕಡೆದು, ಬೆಣ್ಣೆ ಕಾಸಿ, ಆ ತುಪ್ಪವನ್ನು ಬೆಟ್ಟದ ದೇವರ ದೀಪಕ್ಕೆ ಒಯ್ಯಬೇಕು. ಅದು ಮೀಸಲು. ಹುಟ್ಟಿದ ಮನೆಯಲ್ಲಿ ನಾನೂ ಕಂಡ ಪದ್ಧತಿಯೇ. ಆದರೆ ವರ್ಷಗಟ್ಟಲೆ ಪ್ಯಾಕೆಟ್ಟು ಕತ್ತರಿಸಿ ಕಾಯಿಸಿದವಳಿಗೆ ಹಾಲು ಎಂದರೆ ಹಾಲು, ಅಷ್ಟೇ. ಅದರಲ್ಲಿ ಯಾರ ಪಾಲು ಮೊದಲು ಎಂದು ಯಾರು ಕೇಳುತ್ತಾರೆ?

ಅಕ್ಕ ಕೇಳಿದಳು. ಸುಮ್ಮನೆ ಕೇಳಲಿಲ್ಲ, ಸೊಂಟಕ್ಕೆ ಕೈಯಿಟ್ಟು ಕೇಳಿದಳು. ಓದಿದ ಮಂಡೆಯಲ್ಲಿ ಏನು ತುಂಬಿಕೊಂಡಿದ್ದೀಯ, ಅವನು ಕಾಯ್ತಾ ಇರ್ತಾನೆ ಅನ್ನೋ ಭಯ ಬೇಡವಾ, ಅವನಿಗೆ ಈಗ ನಾನು ಏನಂತ ಹೇಳಲಿ ಎಂದು ತರಾಟೆಗೆ ತೆಗೆದುಕೊಂಡಳು. ಎಷ್ಟೋ ದಿನದಿಂದ ಸತ್ತಂತಿದ್ದ ಮುಖಕ್ಕೆ ರಕ್ತ ಬಂದಿತ್ತು. ಭಾವ ಕೊಟ್ಟಿಗೆಯಿಂದ ಇಣುಕಿ ನೋಡಿ ಮೆಲ್ಲಗೆ ಹಿಂದೆ ಸರಿದರು.

ಅವಳು ಉಸಿರು ತೆಗೆದುಕೊಳ್ಳಲು ನಿಂತಾಗ ನಾನು ಕೇಳಿದೆ. "ಅಕ್ಕ, ಅವನು ಬಿಟ್ಟು ಹೋಗಿದಾನೆ ಅಂದ್ಯಲ್ಲ. ಮತ್ತೆ ಹಾಲು ಯಾರಿಗೆ ಎತ್ತಿಟ್ಟೆ?"

ಅಕ್ಕ ಮಡಕೆಯನ್ನು ಕೈಗೆತ್ತಿಕೊಂಡು ಅದರೊಳಗೆ ನೋಡಿದಳು. ಮಾಡುವಾಗ ಅವಳಿಗೇ ಗೊತ್ತಿರಲಿಲ್ಲ. ಸಂಜೆ ಕರೆದಿದ್ದಾಳೆ, ಮೊದಲ ಧಾರೆ ನೆಲಕ್ಕೆ ಬಿಟ್ಟಿದ್ದಾಳೆ, ಕರುವಿಗೆ ಕುಡಿಯಲು ಉಳಿಸಿದ್ದಾಳೆ, ಉಳಿದದ್ದನ್ನು ಕಾಯಿಸಿ ಮಡಕೆಗೆ ಹಾಕಿ ಬಾಳೆಲೆ ಮುಚ್ಚಿದ್ದಾಳೆ. ಅಷ್ಟೂ ಹೊತ್ತು ಅವನು ಬಿಟ್ಟು ಹೋದನೆಂದು ಕೊರಗುತ್ತಲೇ ಇದ್ದಾಳೆ.

"ಅದು ಅಭ್ಯಾಸ ಕಣೆ," ಎಂದಳು ಕೊನೆಗೆ. ದನಿ ಮೆತ್ತಗಾಗಿತ್ತು.

"ಇರಲಿ. ಮನೇಲಿ ಇಲ್ಲದೋರಿಗೆ ಯಾರಾದ್ರೂ ಹಾಲು ಎತ್ತಿಡ್ತಾರಾ?"

ಅಕ್ಕ ನನ್ನ ಕೈಯಿಂದ ಲೋಟ ಕಿತ್ತುಕೊಂಡಳು. ಶುಂಠಿ ಚಹಾ ಅಷ್ಟೂ ಕಲಗಚ್ಚಿನ ಬಾನಿಗೆ ಹೋಯಿತು. ಗೌರಿ ಅದನ್ನು ಚಪ್ಪರಿಸಿ ಕುಡಿದಳು. ನನಗೆ ಶಿಕ್ಷೆಯೂ ಆಯಿತು: ತಲೆಗೆ ಸ್ನಾನ ಮಾಡಬೇಕು, ಮಡಕೆ ತೊಳೆದು ಅದಕ್ಕೆ ಹೊಗೆ ಹಿಡಿಸಬೇಕು, ತಪ್ಪಾಯಿತೆಂದು ಗೂಡಿನ ಮುಂದೆ ಕಾಯಿ ಒಡೆಯಬೇಕು, ಅಲ್ಲಿಯವರೆಗೆ ಚಹಾ ಇಲ್ಲ. ಎಲ್ಲವನ್ನೂ ಮಾಡಿದೆ. ನಾನು ಕಾಯಿ ಒಡೆಯುವಾಗ ಗೂಡಿನ ದೀಪ ಹಚ್ಚಿದ್ದು ಭಾವನಲ್ಲ, ಅಕ್ಕ. ನಾನು ಅದನ್ನು ಗಮನಿಸಿದೆನೆಂದು ಅವಳಿಗೆ ಗೊತ್ತಾಗಲಿಲ್ಲ. ಮೀಸಲು ಅಂದು ಸಂಜೆಯಿಂದ ಹೊಸದಾಗಿ ಶುರುವಾಯಿತು.

ತುಪ್ಪವಾದ ಮೇಲಿನ ಸೋಮವಾರ ನಾನು ಮತ್ತೆ ಹೋದೆ. ಇಬ್ಬರೂ ಬೆಟ್ಟ ಹತ್ತಿದೆವು. ಅಕ್ಕ ತುಪ್ಪದ ಗಿಂಡಿಯನ್ನು ನನ್ನ ಕೈಗೆ ಕೊಡಲೇ ಇಲ್ಲ. ದೀಪಕ್ಕೆ ತುಪ್ಪ ಬಿತ್ತು, ಗಂಟೆ ಶುರುವಾಯಿತು, ಆರತಿ ಎದ್ದಿತು. ನಾನು ದೇವರನ್ನು ಬಿಟ್ಟು ಅಕ್ಕನ ಕಣ್ಣನ್ನೇ ನೋಡುತ್ತಿದ್ದೆ. ಅವಳಿಗೆ ಮತ್ತೆ ಆ ಧಾರೆ ಇಳಿಯಲಿ ಎಂದು ನಾನು, ಈ ವಾದ ಹೂಡಿದ ನಾನೇ, ಬೇಡಿಕೊಳ್ಳುತ್ತಿದ್ದೆ. ಇಳಿಯಲಿಲ್ಲ. ಅವಳು ದೀಪದ ಬತ್ತಿ ಸರಿಯಾಗಿದೆಯೋ ಇಲ್ಲವೋ ಎಂದು ಕತ್ತು ಚಾಚಿ ನೋಡುತ್ತಿದ್ದಳು. ಅಷ್ಟರಲ್ಲಿ ಎಂದಿನಂತೆ ನನಗೆ ಆಕಳಿಕೆ ಬಂತು. ಅಕ್ಕ ನನ್ನ ಕಡೆ ತಿರುಗಿ ಕಣ್ಣು ಕೆಕ್ಕರಿಸಿದಳು. ಕೆಕ್ಕರಿಸುತ್ತಿದ್ದಂತೆಯೇ ಅವಳ ಬಾಯಿಯೂ ಅಗಲವಾಗಿ ತೆರೆಯಿತು. ಸೆರಗು ಎಳೆದುಕೊಳ್ಳುವಷ್ಟು ವ್ಯವಧಾನವೂ ಸಿಗಲಿಲ್ಲ.

ಇಳಿಯುವಾಗ ಅಕ್ಕ ಕಾಲ ಕೆಳಗಿನ ಮೆಟ್ಟಿಲನ್ನೇ ನೋಡುತ್ತಿದ್ದಳು. ನನಗೆ ಭಯವಾಯಿತು, ಇದನ್ನೂ ತಪ್ಪೆಂದು ಹಚ್ಚಿಕೊಂಡು ಕೂತರೆ ಏನು ಗತಿ ಎಂದು. ಅರ್ಧ ಬೆಟ್ಟ ಇಳಿದ ಮೇಲೆ ಒಂದು ಬಂಡೆಗೆ ಕೈಯೂರಿ ನಿಂತಳು.

"ಬೀಗರ ಮುಂದೆ ಯಾರಾದ್ರೂ ಆಕಳಿಸ್ತಾರೇನೆ?" ಎಂದಳು. "ಮನೆಯೋರ ಮುಂದೆ ತಾನೆ ಆಕಳಿಸೋದು."

ಇಷ್ಟು ವರ್ಷ ನಾನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಬಂದದ್ದಕ್ಕೆ ಇಂಥದೊಂದು ಅರ್ಥವಿರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ನಿಂತು ಅದನ್ನೇ ಯೋಚಿಸೋಣವೆಂದರೆ ಅಕ್ಕ ಬಿಡಬೇಕಲ್ಲ. ಕರು ಕೂಗ್ತಿರ್ತದೆ, ಬಿರಬಿರನೆ ಬಾ ಎಂದು ಖಾಲಿ ಗಿಂಡಿ ಹಿಡಿದು ನನಗಿಂತ ಮುಂದೆ ಇಳಿದುಹೋದಳು.