ಎರಡನೇ ಹೆಸರು

ಆಳಂದದ ತಹಶೀಲ ಕಚೇರಿಯ ಎದುರು ಇಂಗ್ಲಿಷ್ ಅರ್ಜಿ ಟೈಪ್ ಮಾಡುತ್ತಿದ್ದ ಚಂದ್ರಾಮನಿಗೆ ಕಂಪ್ಯೂಟರ್ ಅಂದರೆ ಡಾಸ್ ಎಂಬ ಹಳೆಯ ವ್ಯವಸ್ಥೆ. ಸ್ವಿಚ್ ಒತ್ತು, ಕೂಡು, ಕೆಲಸ ಮಾಡು. ಕೂತವರು ಯಾರು, ಎತ್ತ ಎಂದು ಅದು ಯಾವತ್ತೂ ಕೇಳಿದ್ದಿಲ್ಲ. ಅವನು ಚಹಾಕ್ಕೆದ್ದರೆ ಹೆಂಡತಿ ರುಕ್ಮಿಣಿಬಾಯಿ ಕೂಡುತ್ತಿದ್ದಳು. ಅವಳ ಬೆರಳು ಇವನಿಗಿಂತ ಚುರುಕು, ಬಾಯಿಯಂತೂ ಕೇಳಲೇಬೇಡಿ. ತೊಂಬತ್ತೆಂಟರ ಮಳೆಗಾಲದಲ್ಲಿ ಕಾಮಣಿ ಬೇನೆಯಾಗಿ ಆಕೆ ತೀರಿಕೊಂಡಳು.

ಮರುವರ್ಷ ಕಂಪ್ಯೂಟರಿಗೆ ವೈರಸ್ ಬಿದ್ದು ಇದ್ದಬದ್ದ ಅರ್ಜಿಗಳೆಲ್ಲ ಹಾಳಾದವು. ಕಲಬುರ್ಗಿಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ನೆರೆಮನೆಯ ನಿಜಾಮುದ್ದೀನ ಮಾಸ್ತರ ಸಿ.ಡಿ. ತಂದು, ಹಳೆಯದನ್ನೆಲ್ಲ ಒರೆಸಿ, ಲಿನಕ್ಸ್ ಎಂಬ ಹೊಸ ವ್ಯವಸ್ಥೆ ಹಾಕಿದ.

"ಕಾಕಾ, ಇದರಾಗ ಕೂಡವರಿಗೆಲ್ಲ ಒಂದೊಂದು ಹೆಸರು ಬೇಕ್ರಿ. ಎಷ್ಟು ಮಂದಿ ಕೂಡ್ತೀರಿ?"

"ಇಬ್ಬರು," ಎಂದುಬಿಟ್ಟ ಚಂದ್ರಾಮ. ರೂಢಿ ನೋಡಿ, ನಾಲಗೆ ಕೇಳಬೇಕಲ್ಲ! ಮಾಸ್ತರ ತಿದ್ದಲಿಲ್ಲ, ಕೀಬೋರ್ಡು ಇವನ ಕಡೆ ಸರಿಸಿದ.

ಈ ಕಡೆ ಗಂಡಸು ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದು ಕಡಿಮೆ. "ಏನ್‌ಬೇ", "ಕೇಳ್ತೇನ್‌ಬೇ" ಅಂತಲೇ ಇವನ ಸಂಸಾರ ಸಾಗಿತ್ತು. ಆ ಹೆಸರನ್ನು ಮೊದಲ ಸಲ ಅಕ್ಷರ ಅಕ್ಷರವಾಗಿ ಒತ್ತಿದ. ಆ ಹೆಸರಿನಲ್ಲಿ ಒಳಹೋಗಲು ಬೇಕಾದ ಗುಟ್ಟಿನ ಪದವನ್ನೂ ಒತ್ತಿದ. ಆ ಪದದ ಅಕ್ಷರ ಪರದೆಯ ಮೇಲೆ ಮೂಡಲೇ ಇಲ್ಲ, ಯಾರೋ ಒಳಗಿನಿಂದ ಇಸಿದುಕೊಂಡ ಹಾಗೆ.

ಒಂದು ಮಧ್ಯಾಹ್ನ, ಆ ಹೊತ್ತಿಗೆ ಯಂತ್ರದೊಳಗೆ ಯಾರ್ಯಾರು ಕೂತಿದ್ದಾರೆಂದು ತೋರಿಸುವ, ಮಾಸ್ತರ ಕಲಿಸಿದ್ದ ಆಜ್ಞೆಯನ್ನು ಕೊಟ್ಟು ನೋಡಿದ. ಎರಡು ಹೆಸರು ಬಂದವು. ಚಂದ್ರಾಮ. ರುಕ್ಮಿಣಿ.

ಅವಳ ಹೆಸರಿನಲ್ಲಿ ಅವನು ಒಮ್ಮೆಯೂ ಒಳಹೊಕ್ಕಿರಲಿಲ್ಲ. ಗುಟ್ಟಿನ ಪದ ಮತ್ತೊಬ್ಬರಿಗೆ ಗೊತ್ತಿರಲಿಲ್ಲ. ಕರೆಂಟು ಹೋಗಿ ಬಂದರೂ ಆ ಹೆಸರು ಮತ್ತೆ ಅಲ್ಲೇ ಇರುತ್ತಿತ್ತು. ಹೆಸರು ಹಿಡಿದು ಕರೆದೆನಲ್ಲ, ಅದಕ್ಕೇ ಬಂದಳು ಅಂದುಕೊಂಡ. ನಗಬೇಡಿ, ಅವನ ಜಾಗದಲ್ಲಿ ಇದ್ದಿದ್ದರೆ ನೀವೂ ಹಾಗೇ ಅಂದುಕೊಳ್ಳುತ್ತಿದ್ದಿರಿ. ಹೆದರಿಕೆ ಇತ್ತು, ಹೆದರಿಕೆಗಿಂತ ಖುಷಿ ಹೆಚ್ಚಿತ್ತು. ಯಂತ್ರದ ಮುಂದೆ ತಾನೊಬ್ಬನೇ ಮಾತಾಡತೊಡಗಿದ. ಅರ್ಜಿಯವರು ಮುಖ ಮುಖ ನೋಡಿಕೊಂಡು ಬೇರೆ ಅಂಗಡಿಗೆ ಹೋದರು.

ಸುದ್ದಿ ಕೇಳಿ ಮಾಸ್ತರ ಓಡಿಬಂದ.

"ನೀವ ಆಕಿ ಹೆಸರಲೆ ತೆರೆದು ಮರೆತಿರಬೇಕ್ರಿ ಕಾಕಾ. ಆ ಹೆಸರು ಹೊರಗ ಹಾಕ್ರಿ, ಇಲ್ಲಂದ್ರ ತಲಿ ಕೆಡ್ತದ."

ಹೊರಗೆ ಹಾಕಲು ಒತ್ತಬೇಕಾದ ಆಜ್ಞೆ "ಕಿಲ್". ಕೊಲೆ ಕೇಸಿನ ಅರ್ಜಿಗಳನ್ನು ಟೈಪ್ ಮಾಡಿದವನಿಗೆ ಅದರ ಅರ್ಥ ಯಾರು ಹೇಳಬೇಕು?

"ಸತ್ತಾಕಿನ್ನ ಮತ್ತ ನನ್ನ ಕೈಲೆ ಕೊಲ್ಲಸ್ತೀರೇನ್ರಿ ಮಾಸ್ತರ?"

"ಆಕಿ ಇಲ್ರಿ ಕಾಕಾ. ನೀವದೀರಿ. ನೀವು ಬದುಕಬೇಕಲ್ಲ?"

ಆ ಮಾತು ನಾಟಿತು. ಚಂದ್ರಾಮ ಕಣ್ಣೊರೆಸಿಕೊಂಡು, ಹಲ್ಲು ಕಚ್ಚಿ, ಆಜ್ಞೆ ಕೊಟ್ಟ.

ಯಂತ್ರ ಒಂದೇ ಸಾಲಿನಲ್ಲಿ ಉತ್ತರ ಕೊಟ್ಟಿತು: ಇದಕ್ಕೆ ಪರವಾನಗಿ ಇಲ್ಲ.

"ಬ್ಯಾರೆಯವರ ಮ್ಯಾಲ ನಿಮ್ಮ ಹೆಸರಿನ ಅಧಿಕಾರ ನಡೆಯಂಗಿಲ್ರಿ," ಎನ್ನುತ್ತ ಮಾಸ್ತರ ಕೀಬೋರ್ಡಿಗೆ ಕೈ ಚಾಚಿದ. "ಸರೀರಿ, ನಾ ತೆಗೀತೇನಿ."

ಚಂದ್ರಾಮ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಕಣ್ಣು ಪರದೆಯ ಮೇಲಿನ ಆ ಸಾಲು ಬಿಟ್ಟು ಕದಲಲಿಲ್ಲ.

"ಕೈ ತೆಗೀರಿ ಮಾಸ್ತರ. ಇಷ್ಟು ದಿನಕ್ಕ ಇವತ್ತ ಆಕಿ ಬಾಯಿ ಬಿಟ್ಟಾಳ."