ರಾಗಿ ಹಿಟ್ಟಿನಲ್ಲಿ ಗೀಚಿದ ನದಿ

ಅಮ್ಮ ಸ್ಕೂಲಿಗೆ ಹೋಗಿದ್ದು ಅಕ್ಷರ ಕೂಡಿಸಿ ಓದಲು ಬರುವಷ್ಟು ದಿನ ಮಾತ್ರ. ಹೇರೋಹಳ್ಳಿಯಲ್ಲಿ ಬೇಸಾಯದ ಮನೆ ಅವಳದ್ದು. ಅವಳ ತಮ್ಮ ಹುಟ್ಟಿದಾಗ ತೊಟ್ಟಿಲು ತೂಗಲು ಯಾರೂ ಇಲ್ಲವೆಂದು ಸ್ಕೂಲು ಬಿಡಿಸಿಬಿಟ್ಟರು. ಮದುವೆಯಾಗಿ ರಾಜಾಜಿನಗರಕ್ಕೆ ಬಂದ ಮೇಲೆ ನನ್ನನ್ನು ಕಾನ್ವೆಂಟಿಗೇ ಸೇರಿಸಬೇಕೆಂದು ಹಟ ಹಿಡಿದವಳು ಅವಳೇ. ಆ ಓದಿನಲ್ಲಿ ಅವಳಿಗೂ ಒಂದು ಪಾಲಿತ್ತು. ಅದು ನಮ್ಮಿಬ್ಬರಿಗೆ ಮಾತ್ರ ಗೊತ್ತಿದ್ದ ಸೀಕ್ರೆಟ್.

ಸಂಜೆ ದೀಪ ಹಚ್ಚಿ, ಮೊರದ ತುಂಬ ರಾಗಿ ಹಿಟ್ಟು ಜರಡಿ ಹಿಡಿಯುತ್ತಾ, "ಹೂಂ, ಒಪ್ಸು ಕಣೇ" ಅನ್ನೋಳು. ಅವತ್ತು ಮಿಸ್ ಹೇಳಿಕೊಟ್ಟಿದ್ದನ್ನು ನಾನು ಕನ್ನಡದಲ್ಲಿ ಒಪ್ಪಿಸಬೇಕು. ನಮ್ಮ ಜಿಯಾಗ್ರಫಿ ಮಿಸ್ ಒಂದು ಮಾತು ಹೇಳಿ ನಿಲ್ಲಿಸಿ, "ನೌ ಆಲ್ ಟುಗೆದರ್, ಗರ್ಲ್ಸ್" ಎಂದು ನಮ್ಮ ಬಾಯಲ್ಲೂ ಹೇಳಿಸುತ್ತಿದ್ದರು. ಹಾಗಾಗಿ ಪಾಠ ಬಾಯಲ್ಲೇ ಕೂತು ಮನೆಗೆ ಬರುತ್ತಿತ್ತು. ಹಿಟ್ಟಿನ ಮೇಲೆ ಬೆರಳಲ್ಲಿ ಮ್ಯಾಪ್ ಬರೆದು ತೋರಿಸುತ್ತಿದ್ದೆ. ಏಷ್ಯಾ ಮುಗಿಸಿ, ಯೂರೋಪ್ ಮುಗಿಸಿ, ಆಫ್ರಿಕಾಕ್ಕೆ ಬಂದಿದ್ದೆವು. ನೈಲ್ ನದಿ ದೊಡ್ಡ ಕೆರೆಯಂಥ ಸರೋವರದಿಂದ ಹೊರಟು ಉತ್ತರಕ್ಕೆ ಹೋಗುತ್ತೆ ಅಂತ ಗೆರೆ ಎಳೆದೆ.

"ಮೇಲಕ್ಕೆ ಹರಿಯುತ್ತೇನೇ ನೀರು? ಯಾವಳೇ ಹೇಳಿದ್ದು ನಿಂಗೆ?" ಅಮ್ಮ ನಕ್ಕಳು. "ಎಲ್ಲಿ ಹೋಗಿ ಸೇರುತ್ತೆ?"

"ಅದು ಮುಂದಿನ ಕ್ಲಾಸಲ್ಲಿ."

ಮುಂದಿನ ಕ್ಲಾಸು ಬರಲೇ ಇಲ್ಲ. ಮಿಸ್ ಮದುವೆಯಾಗಿ ಊರು ಬಿಟ್ಟರು. ಅದೇ ಸಮಯಕ್ಕೆ ಯಾರೋ ಪುಣ್ಯಾತ್ಮರು ಸ್ಕೂಲಿಗೆ ಪ್ರೊಜೆಕ್ಟರ್ ಕೊಟ್ಟರು. ಹಾಲಿನ ಕಿಟಕಿಗಳಿಗೆ ಕಪ್ಪು ಬಟ್ಟೆ ಬಿತ್ತು, ಜಿಯಾಗ್ರಫಿ ಪಿರಿಯಡ್ ಫಿಲ್ಮ್ ಆಯಿತು. ನಮಗೆಲ್ಲ ಹಬ್ಬ.

"ನೈಲು ಎಲ್ಲಿಗೆ ಸೇರ್ತಂತೆ?"

"ತೋರಿಸಿದ್ರಮ್ಮ. ದೋಣಿ, ಒಂಟೆ, ತುಂಬಾ ನೀರು..."

"ಎಲ್ಲಿಗೆ ಅಂತ ಹೇಳ್ಲಿಲ್ವಾ?"

"ಬೇಗಬೇಗ ಹೇಳ್ಬಿಟ್ರು. ಅಷ್ಟರಲ್ಲಿ ಮುಗಿದೇಹೋಯ್ತು."

ಕ್ಲಾಸಿನಲ್ಲಿ ಪುಸ್ತಕ ತೆಗೆಯುವುದೇ ನಿಂತುಹೋಯಿತು. ಮೊರದ ಮುಂದೆ ಕೂತರೆ ನನ್ನ ಬಳಿ ಒಪ್ಪಿಸಲು ಏನೂ ಇರುತ್ತಿರಲಿಲ್ಲ. ಅಪ್ಪನಿಗೆ ತಮಾಷೆ. "ಜನ ಕಾಸು ಕೊಟ್ಟು ಟೆಂಟಿಗೆ ಹೋಗ್ತಾರೆ. ನಿನ್ನ ಮಗಳಿಗೆ ಬಿಟ್ಟಿ ಸಿನಿಮಾ ಕಣೇ, ನಿಂಗೇನು ಕಷ್ಟ?"

"ಸಿನಿಮಾ ನೋಡಕ್ಕೆ ಕಳಿಸ್ದೆನಾ ನಾನು?" ಅಂದಳು ಅಮ್ಮ.

ಒಂದು ದಿನ ರೇಷ್ಮೆ ಸೀರೆ ಉಟ್ಟು ಸ್ಕೂಲಿಗೇ ಬಂದಳು. "ಸಿಸ್ಟರಮ್ಮಾ, ಮೊದಲಿನ ಥರ ಯಾರಾದ್ರೂ ನಿಂತ್ಕೊಂಡು ಪಾಠ ಹೇಳ್ಲಿ" ಅಂದಳು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಹೆಡ್ ಸಿಸ್ಟರ್ ತುಂಬಾ ಒಳ್ಳೆಯವರು. ನಗುತ್ತಾ ಅಮ್ಮನ ಕೈ ಹಿಡಿದು ಹಾಲಿಗೆ ಕರೆದೊಯ್ದು, ಬೆಂಚಿನ ತುದಿಯಲ್ಲಿ ಕೂರಿಸಿದರು.

ಅವತ್ತೂ ಅದೇ ನದಿ. ಕತ್ತಲಲ್ಲಿ ಗಂಡಸಿನ ದನಿಯೊಂದು ಇಂಗ್ಲಿಷಿನಲ್ಲಿ ಓಡುತ್ತಿತ್ತು. ಅಮ್ಮ ಎದ್ದು ನಿಂತಳು. "ಒಸಿ ನಿಲ್ಸಿ ಸ್ವಾಮಿ, ಇನ್ನೊಂದ್ಸಲ ಹೇಳಿ" ಅಂದಳು, ಪರದೆಗೆ.

ಸಿನಿಮಾ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಇದು ಸ್ಕೂಲು. ಸ್ಕೂಲಿನಲ್ಲಿ ಕೇಳಿದರೆ ನಿಲ್ಲಿಸಿ ಹೇಳುತ್ತಾರೆ ಅಂದುಕೊಂಡಿದ್ದಳು. ಹುಡುಗಿಯರೆಲ್ಲ ಕಿಸಕ್ಕೆಂದರು. "ಹೌ ಸ್ವೀಟ್, ಶೀ ಈಸ್ ಎಂಜಾಯಿಂಗ್ ಇಟ್" ಅಂದರು ಸಿಸ್ಟರ್. ದನಿ ತನ್ನ ಪಾಡಿಗೆ ತಾನು ಮುಂದೆ ಹೋಯಿತು. ಅಮ್ಮ ಬಾಯಿಗೆ ಸೆರಗು ಹಿಡಿದು ಕೂತುಬಿಟ್ಟಳು.

ಆ ಸಂಜೆ ಒಪ್ಪಿಸು ಅನ್ನಲಿಲ್ಲ. ಜರಡಿ ಹಿಡಿದ ಹಿಟ್ಟು ಸೀದಾ ಕುದಿಯುವ ಎಸರಿಗೆ ಹೋಯಿತು. ಬೇಸಿಗೆ ಕಳೆದ ಮೇಲೆ ಹೊಸ ಮಿಸ್ ಬಂದರು, ಸೌತ್ ಅಮೆರಿಕಾ ಶುರು ಮಾಡಿದರು. ನಾನು ಓಡಿಬಂದು ಮೊರದ ಮುಂದೆ ಕೂತೆ.

"ನೀನು ಓದ್ಕೋ ಹೋಗು ಮಗಾ, ನಂಗೆ ಕೆಲಸ ಐತೆ" ಅಂದಳು.

ಎಷ್ಟೋ ವರ್ಷಗಳಾದ ಮೇಲೆ, ಅವಳು ತಲೆ ಬಾಚಿಕೊಳ್ಳುತ್ತಿದ್ದಾಗ ಹೇಳಿದೆ: "ಅಮ್ಮ, ನೈಲ್ ಮೆಡಿಟರೇನಿಯನ್ ಸಮುದ್ರಕ್ಕೆ ಹೋಗಿ ಸೇರುತ್ತೆ."

ಬಾಚಣಿಗೆ ನಿಲ್ಲಿಸದೆ ಕೇಳಿದಳು: "ಯಾವ ನೈಲೇ?"