ನೋಡುವ ಕೆಲಸ
ಅಬುಧಾಬಿಯ ನಮ್ಮ ಆಸ್ಪತ್ರೆಯಲ್ಲಿ ಅಪಾಯಕಾರಿ ಸೋಂಕಿನ ರೋಗಿಗಾಗಿ ಕಾದಿರಿಸಿದ ಕೋಣೆಯೊಂದಿದೆ; ರೋಗಿ ಇನ್ನೂ ಬಂದಿಲ್ಲ. ಗರ್ಟ್ರೂಡ್ ಸಿಸ್ಟರ್ ದಿನವೂ ಅದರ ಬಾಗಿಲಿನಡಿ ಟಿಶ್ಯೂ ಹಿಡಿಯುತ್ತಾರೆ. ಸೋಂಕಿನ ಗಾಳಿ ಹೊರಬಾರದಂತೆ ಕೋಣೆ ಅದನ್ನು ಒಳಕ್ಕೆ ಎಳೆದುಕೊಂಡರೆ "ಉಸಿರಾಡ್ತಾ ಉಂಟು" ಎನ್ನುತ್ತಾರೆ. ಅಭ್ಯಾಸದ ದಿನ ನಾವು ನರ್ಸ್‌ಗಳು ಸಾಲಾಗಿ ನಿಂತು ರಕ್ಷಾ ಉಡುಪು ಕಳಚುವಾಗ ಕೈಯಲ್ಲಿನ ಪಟ್ಟಿಯಿಂದ ಒಂದೊಂದೇ ಹಂತ ಓದಿ ಹೇಳುತ್ತಾರೆ, ರೆಪ್ಪೆ ಬಡಿಯುವುದಿಲ್ಲ. "ನಿನ್ನ ಮೂಗು ಎಲ್ಲಿಗೂ ಓಡಿಹೋಗುದಿಲ್ಲ ಮಾರಾಯ್ತಿ, ಮುಟ್ಟಿ ನೋಡ್ಬೇಡ!" ಕೊನೆಯವಳು ಮುಗಿಸಿದರೂ ಪಟ್ಟಿ ಮಡಚುವುದಿಲ್ಲ. ಕೋವಿಡ್ ವರ್ಷ, ಫೋನ್ ಬಂತೆಂದು ಅವರು ಒಂದು ಕ್ಷಣ ಅತ್ತ ತಿರುಗಿದಾಗ, ಉಡುಪು ಕಳಚುತ್ತಿದ್ದ ಅವರ ಗೆಳತಿ ಕ್ಯಾರೊಲಿನ್ ಕೈಗವಸಿನಲ್ಲೇ ಕಣ್ಣೊರೆಸಿಕೊಂಡಿದ್ದಳು. ಹದಿನೆಂಟನೇ ದಿನ ತೀರಿಕೊಂಡಳು. ಸಾಲಿನ ತುದಿಯಲ್ಲಿ ನಾವು ಒಂದು ಜಾಗ ಖಾಲಿ ಬಿಡುತ್ತೇವೆ. ಅತ್ತ ತಿರುಗಿ ಸಿಸ್ಟರ್ ಪಟ್ಟಿಯನ್ನು ಮತ್ತೆ ಮೊದಲಿನಿಂದ ಓದುತ್ತಾರೆ: "ನಿಧಾನ ತೆಗಿ, ಕ್ಯಾರೊಲಿನ್. ನಾನು ನೋಡ್ತಾ ಇದ್ದೇನೆ."